ಉಲ್ಕಾಪಾತವೂ ಕಂಡವರ ಸಾಕ್ಷ್ಯವೂ

ಚಿತ್ರದುರ್ಗ ಸೀಮೆಯ ಚರಿತ್ರೆಯು ಬಹುಮಟ್ಟಿಗೆ ಕಲ್ಲಿನ ಮೇಲೆ ಬರೆದ ಚರಿತ್ರೆಯಾಗಿರುವುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ೧೮೯೨ರಲ್ಲಿ ಬಿ. ಎಲ್. ರೈಸ್ ಸಾಹೇಬರು ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ೧೯೨೯ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣರವರು ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವನ್ನು ಗುರುತಿಸಿದರು. ಪಾಳೆಯಗಾರರ ಕಾಲದ ವೃತ್ತಾಂತಗಳಾದರೋ ಬಖೈರು, ಕೈಫಿಯತ್ತು, ಕಡತಗಳಲ್ಲಿ ಉಳಿದುಬಂದಿವೆ. ಎಂ. ಎಸ್. ಪುಟ್ಟಣ್ಣನವರು, ಹುಲ್ಲೂರು ಶ್ರೀನಿವಾಸ ಜೋಯಿಸರು ಮೊದಲಾದ ಹಿರಿಯರು ಶ್ರಮಪಟ್ಟು ಅವುಗಳನ್ನು ಶೋಧಿಸಿ ನಾಡಿಗೆ ಒಪ್ಪಿಸಿದರು. ಇವೆಲ್ಲವೂ ಮನುಷ್ಯರು ನಡೆಸಿದ ಕಾರ್ಯಗಳಿಗೆ ಮನುಷ್ಯರೇ ಬರೆದಿಟ್ಟ ಸಾಕ್ಷ್ಯಗಳು.

ಆದರೆ ಯಾವ ಶಿಲ್ಪಿಯೂ ಕಂಡರಿಸದ, ಯಾವ ಅರಸನೂ ಹಾಕಿಸದ ಇನ್ನೊಂದು ಬಗೆಯ ಶಿಲೆಯುಂಟು. ಅದು ಆಕಾಶದಿಂದ ಉರಿಯುತ್ತ ಬಂದು ಹೊಲದಲ್ಲಿಯೋ ಕೆರೆಯಂಗಳದಲ್ಲಿಯೋ ಬೀಳತಕ್ಕದ್ದು. ಚಿತ್ರದುರ್ಗದ ಬೆಟ್ಟಗಳ ಪ್ರಸಿದ್ಧವಾದ ಬೆಣಚುಬಂಡೆಗೆ ಸುಮಾರು ೨೬೦ ಕೋಟಿ ವರ್ಷ ವಯಸ್ಸೆಂದು ಭೂಶಾಸ್ತ್ರಜ್ಞರು ಎಣಿಸಿರುವರು. ಆಕಾಶದಿಂದ ಬಿದ್ದ ಶಿಲೆಗಳ ವಯಸ್ಸಾದರೋ ಸಾಮಾನ್ಯವಾಗಿ ೪೫೦ ಕೋಟಿ ವರ್ಷಕ್ಕೂ ಮೇಲೆ. ಎಂದರೆ ಈ ಭೂಮಿಯು ರೂಪುಗೊಂಡ ಕಾಲದ್ದು. ಇಷ್ಟು ಪುರಾತನವಾದ ಶಿಲೆಯು ಬರುವುದು ಮಾತ್ರ ಕೆಲವು ಕ್ಷಣಗಳಲ್ಲಿ. ಆ ಕ್ಷಣವನ್ನು ಕಂಡವರು ಯಾರು, ಅವರು ಏನೆಂದರು, ಅವರ ಮಾತನ್ನು ಯಾರು ನಂಬಿದರು ಎಂಬುದರ ಮೇಲೆ ಅದರ ಚರಿತ್ರೆಯೆಲ್ಲವೂ ನಿಂತಿದೆ. ಆ ಚರಿತ್ರೆಯ ವಿಚಾರವೇ ಈ ಲೇಖನದ ವಿಷಯವು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳು ಮಳೆ ಕಡಿಮೆಯಾದ ಬಯಲುಸೀಮೆಯ ಊರುಗಳು. ಮುಂಗಾರು ಹಿಂಗಾರುಗಳ ದಿನಗಳನ್ನು ಬಿಟ್ಟರೆ ಇಲ್ಲಿಯ ಬಾನು ಬಹುಕಾಲ ನಿರ್ಮಲವಾಗಿಯೇ ಇರುವುದು. ಹೊಲದಿಂದ ಎತ್ತು ಹೊಡೆದುಕೊಂಡು ಬರುವವರೂ, ಕುರಿಹಟ್ಟಿಯಲ್ಲಿ ಕಾವಲಿರುವವರೂ, ಸಂಧ್ಯಾಕಾಲದಲ್ಲಿ ಜಗಲಿಯ ಮೇಲೆ ಕುಳಿತವರೂ ಚುಕ್ಕಿ ಉದುರುವುದನ್ನು ಆಗಾಗ ಕಾಣುವರು. ಅದು ಚಿಕ್ಕದಾಗಿದ್ದರೆ ಯಾರೂ ಗಣಿಸುವುದಿಲ್ಲ. ಶುಕ್ರನಿಗಿಂತಲೂ ಹೆಚ್ಚಾದ ಕಾಂತಿಯಿಂದ ಬೆಂಕಿಯುಂಡೆಯೊಂದು ಬಾನಿನಲ್ಲಿ ಸಾಗಿ, ನೆಲದ ಮೇಲೆ ನೆರಳು ಬೀಳುವಂತೆ ಬೆಳಗಿ, ಒಡೆದು ಕಿಡಿಗಳಾಗಿ ನಂದಿಹೋದರೆ ಊರಿಗೆ ಊರೇ ಅಂಗಳಕ್ಕೆ ಬರುವುದು. ಇಂತಹ ದೊಡ್ಡ ಉಲ್ಕೆಗೆ ಅಗ್ನಿಗೋಳವೆಂಬ ಹೆಸರು ಸಲ್ಲುವುದು.

ಅಗ್ನಿಗೋಳವು ಕಾಣಿಸಿದ ಮರುದಿನ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯ ಮಾತು ಹುಟ್ಟುವುದು ಸಹಜ. ನೋಡಿದವನಿಗೆ ಅದು ತನ್ನ ಊರಿನ ಗುಡ್ಡದ ಆಚೆ, ಕೆರೆಯ ಏರಿಯ ಹಿಂದೆ, ನೆರೆಯ ಹಳ್ಳಿಯ ತೋಪಿನೊಳಗೆ ಬಿದ್ದಂತೆಯೇ ತೋರುವುದು. ಹಿರಿಯೂರಿನವನು ವಾಣಿವಿಲಾಸ ಸಾಗರದ ಆಚೆ ಎಂದರೆ, ಚಿತ್ರದುರ್ಗದವನು ಜೋಗಿಮಟ್ಟಿಯ ಹಿಂದೆ ಎಂದಾನು. ಇಬ್ಬರೂ ಸುಳ್ಳಾಡುವವರಲ್ಲ. ಉಲ್ಕೆಯು ಹೊತ್ತಿಕೊಳ್ಳುವುದು ನೆಲದಿಂದ ಸುಮಾರು ೧೦೦ ಕಿಲೋಮೀಟರು ಎತ್ತರದಲ್ಲಿ. ದೊಡ್ಡ ಉಲ್ಕೆಯ ಬೆಳಕು ನಂದುವುದು ೨೦ ರಿಂದ ೩೦ ಕಿಲೋಮೀಟರು ಎತ್ತರದಲ್ಲಿ. ಅದು ನಂದಿದ ತಾಣವು ದಿಗಂತದಿಂದ ಹತ್ತು ಅಂಶ ಮೇಲೆ, ಎಂದರೆ ಚಾಚಿದ ಕೈಯ ಮುಷ್ಟಿಯಷ್ಟು ಮೇಲೆ ಕಂಡಿದ್ದರೆ, ೩೦ ಕಿಲೋಮೀಟರು ಎತ್ತರದ ಲೆಕ್ಕಕ್ಕೆ ಅದು ನೋಡಿದವನಿಂದ ಸುಮಾರು ೧೭೦ ಕಿಲೋಮೀಟರು ದೂರದಲ್ಲಿರುವುದು. ಗುಡ್ಡದ ಹಿಂದೆ ಬಿದ್ದಿತೆಂದು ಕಂಡದ್ದು ನಿಜವಾಗಿ ಬೆಂಗಳೂರಿನ ಹತ್ತಿರದ ಬಾನಿನಲ್ಲಿ ನಂದಿರಬಹುದು. ಕಣ್ಣು ದಿಕ್ಕನ್ನು ಸರಿಯಾಗಿ ಹೇಳುವುದು. ದೂರವನ್ನು ಮಾತ್ರ ಹೇಳಲಾರದು.

ಒಬ್ಬನ ಕಣ್ಣಿಗೆ ನಿಲುಕದ ಈ ದೂರವು ಇಬ್ಬರ ಸಾಕ್ಷ್ಯ ಕೂಡಿದರೆ ನಿಲುಕುವುದು. ಚಿತ್ರದುರ್ಗದಿಂದ ಹೊಸದುರ್ಗಕ್ಕೆ ನೇರವಾಗಿ ಸುಮಾರು ೫೦ ಕಿಲೋಮೀಟರು, ಹಿರಿಯೂರಿಗೆ ಸುಮಾರು ೪೦, ಹೊಳಲ್ಕೆರೆಗೆ ಮೂವತ್ತಕ್ಕೆ ತುಸು ಹೆಚ್ಚು. ಈ ನಾಲ್ಕು ಊರುಗಳಲ್ಲಿ ನಾಲ್ವರು ಒಂದೇ ಉಲ್ಕೆಯನ್ನು ಕಂಡು, ಅದು ಯಾವ ದಿಕ್ಕಿನಲ್ಲಿ ಎಷ್ಟು ಎತ್ತರದಲ್ಲಿ ತೋರಿ ಎಲ್ಲಿ ಮರೆಯಾಯಿತೆಂದು ಹೇಳಬಲ್ಲವರಾದರೆ, ಆ ದೃಷ್ಟಿರೇಖೆಗಳು ಕೂಡುವ ತಾಣವೇ ಉಲ್ಕೆಯ ನಿಜವಾದ ಸ್ಥಾನವು. ೧೭೯೮ರಲ್ಲಿ ಜರ್ಮನಿಯ ಗಟಿಂಗೆನ್ ಪಟ್ಟಣದಲ್ಲಿ ಬ್ರಾಂಡೆಸ್, ಬೆಂಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಸ್ಥಳಗಳಲ್ಲಿ ಕುಳಿತು ಉಲ್ಕೆಗಳನ್ನು ನೋಡಿ, ಅವು ಮೋಡಗಳಿಗಿಂತ ಬಹಳ ಮೇಲೆ ಉರಿಯುವುವೆಂಬುದನ್ನು ಈ ಉಪಾಯದಿಂದಲೇ ಮೊದಲು ತಿಳಿಸಿದರು. ಅವರಿಗೆ ಬೇಕಾದುದು ಎರಡು ಜೊತೆ ಕಣ್ಣು, ಒಂದು ಗಡಿಯಾರ, ಒಂದು ನಕ್ಷತ್ರಪಟ, ಮತ್ತು ಕಂಡದ್ದನ್ನು ಕೂಡಲೇ ಬರೆದಿಡುವ ಶ್ರದ್ಧೆ, ಇಷ್ಟೇ.

ನಮ್ಮ ದೇಶದ ಪ್ರಾಚೀನರು ಉಲ್ಕೆಗಳನ್ನು ಲಕ್ಷ್ಯವಿಟ್ಟು ನೋಡಿದವರೇ ಆಗಿದ್ದರು. ಉಲ್ಕಾ ಎಂಬ ಸಂಸ್ಕೃತಶಬ್ದಕ್ಕೆ ಉರಿಯುವ ಕೊಳ್ಳಿಯೆಂಬ ಅರ್ಥವೂ ಉಂಟು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಉಲ್ಕಾಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಭೇದಗಳನ್ನು ಹೇಳಿರುವನು. ಅವುಗಳ ಆಕಾರ, ಬಣ್ಣ, ಶಬ್ದ, ಬಾಲಗಳ ವರ್ಣನೆಯು ನೋಡಿದವರ ಅನುಭವದಿಂದಲ್ಲದೆ ಬರತಕ್ಕದ್ದಲ್ಲ. ಆದರೆ ಸ್ವರ್ಗದಲ್ಲಿ ಪುಣ್ಯಫಲವನ್ನು ಅನುಭವಿಸಿ ಮುಗಿಸಿದವರು ಕೆಳಗಿಳಿಯುವ ರೂಪವೇ ಉಲ್ಕೆಯೆಂಬ ನಂಬಿಕೆಯೂ ಅಲ್ಲಿಯೇ ಸೇರಿದೆ. ಯಾವ ದಿಕ್ಕಿನಲ್ಲಿ ಬಿದ್ದರೆ ಯಾರಿಗೆ ಕೇಡು ಎಂಬ ಫಲವಿಚಾರವೂ ಅದರ ಜೊತೆಗಿದೆ. ಮಹಾಭಾರತದ ಭೀಷ್ಮಪರ್ವದಲ್ಲಿ ಯುದ್ಧಕ್ಕೆ ಮೊದಲು ತೋರಿದ ಉತ್ಪಾತಗಳೊಳಗೆ ಉಲ್ಕಾಪಾತವೂ ಒಂದು. ಇದರಿಂದ ಉಲ್ಕೆಯು ರಾಜನಿಗೆ ಅರಿಷ್ಟ, ಊರಿಗೆ ಕ್ಷಾಮ, ಮನೆಗೆ ಸಾವು ಎಂಬ ಭೀತಿಯು ಜನಮನದಲ್ಲಿ ಬೇರೂರಿತು.

ಹನ್ನೆರಡನೆಯ ಶತಮಾನದ ಶರಣರು ಈ ಬಗೆಯ ಭೀತಿಗೆ ಎಡೆಗೊಟ್ಟವರಲ್ಲ. ಇಷ್ಟಲಿಂಗದಲ್ಲಿ ನಿಷ್ಠೆಯುಳ್ಳವನಿಗೆ ತಿಥಿವಾರನಕ್ಷತ್ರಗಳ ಹಂಗಿಲ್ಲವೆಂಬುದೂ, ಶಕುನಗಳನ್ನು ನಂಬಿ ಕಾಯಕವನ್ನು ಬಿಡಲಾಗದೆಂಬುದೂ ಅವರ ನಿಲುವಾಗಿತ್ತು. ಆ ನಿಲುವಿನಲ್ಲಿ ನಿಂತು ನೋಡುವವನಿಗೆ ಉಲ್ಕೆಯು ಭಯಕಾರಣವಾಗದು. ಭಯವು ಹೋದ ಮೇಲೆ ಉಳಿಯುವುದು ಬೆರಗು. ಬೆರಗಿನಿಂದ ಹುಟ್ಟುವುದು ವಿಚಾರ. ಭೀತನಾದವನು ಕಣ್ಣು ಮುಚ್ಚಿಕೊಳ್ಳುವನು, ಬಾಗಿಲು ಹಾಕಿಕೊಳ್ಳುವನು. ಅವನಿಂದ ಸಾಕ್ಷ್ಯವು ದೊರೆಯದು.

ಇತ್ತ ನಮ್ಮಲ್ಲಿ ಜನರು ಕಂಡದ್ದಕ್ಕೆ ಭಯದ ಅರ್ಥವನ್ನು ಕಟ್ಟಿದಂತೆ, ಅತ್ತ ಯೂರೋಪಿನ ಪಂಡಿತರು ಜನರು ಕಂಡದ್ದನ್ನೇ ಸುಳ್ಳೆಂದು ತಳ್ಳಿಹಾಕಿದರು. ಫ್ರಾನ್ಸ್ ದೇಶದ ಲ್ಯೂಸೆ ಎಂಬಲ್ಲಿ ೧೭೬೮ರಲ್ಲಿ ಕಲ್ಲೊಂದು ಆಕಾಶದಿಂದ ಬಿದ್ದುದನ್ನು ಹೊಲದಲ್ಲಿದ್ದವರು ನೋಡಿ ತಿಳಿಸಿದರು. ರಸಾಯನಶಾಸ್ತ್ರದ ಪಿತಾಮಹನೆನಿಸಿದ ಲವಾಸಿಯೇ ಮೊದಲಾದವರು ಆ ಶಿಲೆಯನ್ನು ಪರೀಕ್ಷಿಸಿ, ಇದು ನೆಲದಲ್ಲಿಯೇ ಇದ್ದು ಸಿಡಿಲು ತಗುಲಿದ ಕಲ್ಲೆಂದು ನಿರ್ಣಯಿಸಿದರು. ಬಾನಿನಲ್ಲಿ ಕಲ್ಲುಗಳಿಲ್ಲ, ಆದಕಾರಣ ಬಾನಿನಿಂದ ಕಲ್ಲು ಬೀಳಲಾರದು ಎಂಬುದು ಅಂದಿನ ವಿದ್ವನ್ಮಂಡಲಿಯ ತರ್ಕ. ೧೭೯೪ರಲ್ಲಿ ಖ್ಲಾಡ್ನಿ ಎಂಬ ಜರ್ಮನ್ ವಿದ್ವಾಂಸನು ಹಳೆಯ ವರದಿಗಳನ್ನೆಲ್ಲ ಒಟ್ಟುಗೂಡಿಸಿ, ಬೇರೆ ಬೇರೆ ದೇಶಕಾಲಗಳ ಜನರು ಒಂದೇ ಬಗೆಯಾಗಿ ಹೇಳುವ ಮಾತು ಸುಳ್ಳಾಗದೆಂದೂ, ಇವು ಭೂಮಿಯ ಹೊರಗಿನಿಂದ ಬಂದವುಗಳೆಂದೂ ವಾದಿಸಿದಾಗ ಅನೇಕರು ಅವನನ್ನು ಹಾಸ್ಯಮಾಡಿದರು.

ಈ ವಿವಾದವು ತೀರುವುದಕ್ಕೆ ನೆರವಾದ ಘಟನೆಗಳಲ್ಲೊಂದು ಭರತಖಂಡದಲ್ಲಿಯೇ, ಜಂಗಮವಾಡಿ ಮಠದಿಂದಾಗಿ ಕನ್ನಡ ಯಾತ್ರಿಕರಿಗೆ ಪರಿಚಿತವಾದ ಕಾಶೀಕ್ಷೇತ್ರದ ಸಮೀಪದಲ್ಲಿ ನಡೆಯಿತು. ೧೭೯೮ನೆಯ ಡಿಸೆಂಬರ್ ೧೯ನೆಯ ದಿನ, ರಾತ್ರಿ ಎಂಟು ಗಂಟೆಯ ಸುಮಾರಿಗೆ, ಮೋಡವಿಲ್ಲದ ಬಾನಿನಲ್ಲಿ ದೊಡ್ಡ ಬೆಂಕಿಯುಂಡೆಯೊಂದು ಕಾಣಿಸಿತು. ಬಳಿಕ ಗುಡುಗಿನಂತಹ ಶಬ್ದವಾಗಿ, ಭಾರವಾದ ವಸ್ತುಗಳು ನೆಲಕ್ಕೆ ಬಿದ್ದ ಸಪ್ಪಳವು ಕೇಳಿಸಿತು. ಕಾಶಿಯಿಂದ ೧೪ ಮೈಲಿ ದೂರದ ಕ್ರಾಖೂಟ್ ಗ್ರಾಮದವರು ಮರುದಿನ ಹೊಲಗಳಲ್ಲಿ ಮಣ್ಣು ಅಗೆದಂತಾಗಿರುವುದನ್ನು ಕಂಡು ತೋಡಿದಾಗ ಕಪ್ಪು ಪೊರೆಯ ಕಲ್ಲುಗಳು ದೊರೆತವು. ಒಂದು ಕಲ್ಲು ಕಾವಲುಗಾರನ ಗುಡಿಸಲಿನ ಸೂರನ್ನು ತೂರಿಕೊಂಡು ಬಂದಿತ್ತು. ಜಾನ್ ಲಾಯ್ಡ್ ವಿಲಿಯಮ್ಸ್ ಎಂಬ ಆಂಗ್ಲೇಯನು ಈ ಹೇಳಿಕೆಗಳನ್ನು ವಿಚಾರಿಸಿ ಬರೆದು, ಕಲ್ಲುಗಳ ಜೊತೆಗೆ ಲಂಡನ್ನಿಗೆ ತಲುಪಿಸಿದನು.

ಲಂಡನ್ನಿನಲ್ಲಿ ಎಡ್ವರ್ಡ್ ಹೋವರ್ಡ್ ಎಂಬ ರಸಾಯನಜ್ಞನು ಕಾಶಿಯ ಕಲ್ಲನ್ನೂ, ಇಂಗ್ಲೆಂಡು ಇಟಲಿಗಳಲ್ಲಿ ಬಿದ್ದ ಕಲ್ಲುಗಳನ್ನೂ ವಿಶ್ಲೇಷಿಸಿ ೧೮೦೨ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ದೇಶದೇಶಗಳಲ್ಲಿ ಬಿದ್ದ ಈ ಕಲ್ಲುಗಳು ಒಂದನ್ನೊಂದು ಹೋಲುತ್ತಿದ್ದುವು. ಎಲ್ಲದರೊಳಗಿನ ಕಬ್ಬಿಣದಲ್ಲಿಯೂ ನಿಕ್ಕಲ್ ಎಂಬ ಲೋಹವು ಬೆರೆತಿತ್ತು. ನೆಲದ ಸಾಮಾನ್ಯ ಕಲ್ಲುಗಳಲ್ಲಿ ಅಂತಹ ಮಿಶ್ರಣವು ಕಾಣುವುದಿಲ್ಲ. ಮರುವರ್ಷ, ೧೮೦೩ನೆಯ ಏಪ್ರಿಲ್ ೨೬ರಂದು, ಫ್ರಾನ್ಸಿನ ಲೈಗ್ಲ್ ಎಂಬ ಊರಿನ ಸುತ್ತ ಸುಮಾರು ಮೂರು ಸಾವಿರ ಕಲ್ಲುಗಳು ಸುರಿದುವು. ಸರ್ಕಾರದಿಂದ ನಿಯುಕ್ತನಾದ ಬಿಯೋ ಎಂಬ ಯುವ ವಿದ್ವಾಂಸನು ಹಳ್ಳಿಹಳ್ಳಿಗೂ ಹೋಗಿ, ರೈತರು, ಪಾದ್ರಿಗಳು, ಹೆಂಗಸರು, ಮಕ್ಕಳು ಹೇಳಿದುದನ್ನು ಒಂದಕ್ಕೊಂದು ತಾಳೆನೋಡಿ, ಅವರ ಸಾಕ್ಷ್ಯವು ಸತ್ಯವೆಂದು ವರದಿಮಾಡಿದನು. ಅಂದಿಗೆ ವಿವಾದವು ಬಹುಮಟ್ಟಿಗೆ ಮುಗಿಯಿತು. ಕಾಶಿಯ ಕಾವಲುಗಾರನೂ ಲ್ಯೂಸೆಯ ರೈತನೂ ಮೊದಲಿನಿಂದಲೂ ಸರಿಯಾಗಿಯೇ ಹೇಳಿದ್ದರು. ಅವರ ಮಾತನ್ನು ಕೇಳುವುದನ್ನು ಪಂಡಿತರು ಕಲಿಯಬೇಕಾಗಿತ್ತು.

ಕನ್ನಡನಾಡಿನಲ್ಲಿ ಬಿದ್ದು ಲೋಕದ ಪಟ್ಟಿಗಳಲ್ಲಿ ಸೇರಿದ ಶಿಲೆಗಳು ಕೆಲವೇ ಆದರೂ ಗಣನೀಯವಾದುವು. ೧೮೬೫ನೆಯ ಸೆಪ್ಟೆಂಬರ್ ೨೧ರಂದು ಮೈಸೂರು ಸೀಮೆಯ ಮದ್ದೂರಿನಲ್ಲಿ ಕಲ್ಲುಬಿದ್ದಿತು. ದೊರೆತುದರ ತೂಕವು ನಾಲ್ಕು ಕಿಲೋಗ್ರಾಮಿಗೂ ಹೆಚ್ಚು. ಮರುವರ್ಷ ೧೮೬೬ರ ಏಪ್ರಿಲ್ ತಿಂಗಳಿನಲ್ಲಿ ದಕ್ಷಿಣ ಕನ್ನಡದ ಉಡುಪಿಯ ಕಡೆಯಲ್ಲಿ ಸುಮಾರು ಮೂರೂವರೆ ಕಿಲೋಗ್ರಾಂ ತೂಕದ ಇನ್ನೊಂದು ಕಲ್ಲು ಬಿದ್ದಿತು. ಇವೆರಡೂ ಶಿಲಾಜಾತಿಯವೇ, ಆದರೆ ಒಂದರೊಳಗಿನ ಕಬ್ಬಿಣದ ಅಂಶವು ಇನ್ನೊಂದಕ್ಕಿಂತ ಹೆಚ್ಚು. ಆದುದರಿಂದ ಏಳು ತಿಂಗಳ ಅಂತರದಲ್ಲಿ ಬಿದ್ದರೂ ಇವೆರಡೂ ಬೇರೆ ಬೇರೆ ಮೂಲಗಳಿಂದ ಬಂದುವೆಂದು ವಿದ್ವಾಂಸರು ತಿಳಿಯುವರು.

ಚಿತ್ರದುರ್ಗ ಸೀಮೆಗೆ ಅತ್ಯಂತ ಸಮೀಪವಾದುದು ಕಂಸಾಗರದ ಶಿಲೆ. ೧೯೦೨ನೆಯ ನವೆಂಬರ್ ೧೨ರಂದು, ಎಂದರೆ ಶುಭಕೃತು ಸಂವತ್ಸರದ ಕಾರ್ತಿಕ ಮಾಸದ ಶುಕ್ಲಪಕ್ಷದಲ್ಲಿ, ಆಗಿನ ಶಿವಮೊಗ್ಗ ಜಿಲ್ಲೆಗೆ ಸೇರಿದ ಕಂಸಾಗರದಲ್ಲಿ ಇದು ಬಿದ್ದಿತು. ಹೊಳಲ್ಕೆರೆಯಿಂದ ಪಶ್ಚಿಮಕ್ಕೆ ನೇರ ಗೆರೆಯೆಳೆದರೆ ಐವತ್ತು ಕಿಲೋಮೀಟರಿಗೂ ಕಡಿಮೆ ದೂರವು. ದೊರೆತ ಕಲ್ಲಿನ ತೂಕ ಒಂದೂಕಾಲು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಉಲ್ಕೆಗಳು ಬೆಳಗುವ ಎತ್ತರವನ್ನೂ ಅವು ಕಾಣುವ ದೂರವನ್ನೂ ಎಣಿಸಿದರೆ, ಆ ಶಿಲೆಯು ಬಂದ ದಾರಿಯು ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗಗಳ ಬಾನಿನೊಳಗಣದೇ ಆಗಿತ್ತೆಂದು ಹೇಳಲು ಅಡ್ಡಿಯಿಲ್ಲ. ಆ ಕಾರ್ತಿಕದಲ್ಲಿ ರಾಗಿ ಜೋಳದ ಹೊಲಗಳಲ್ಲಿದ್ದ ಜನರಿಗೆ ಈಗ ಲೋಕದ ಉಲ್ಕಾಶಿಲೆಗಳ ಪಟ್ಟಿಯಲ್ಲಿ ತಮ್ಮ ನೆರೆಯ ಹಳ್ಳಿಯ ಹೆಸರು ಶಾಶ್ವತವಾಗಿ ನಿಂತಿರುವುದು ಊಹೆಗೂ ನಿಲುಕದ ಸಂಗತಿಯಾಗಿತ್ತು. ಬಿದ್ದ ಊರಿನ ಹೆಸರನ್ನೇ ಶಿಲೆಗೆ ಇಡುವುದು ಈ ಶಾಸ್ತ್ರದ ಸಂಪ್ರದಾಯ; ಅದರಿಂದ ಮದ್ದೂರು, ಉಡುಪಿ, ಕಂಸಾಗರಗಳು ದೇಶಾಂತರದ ಗ್ರಂಥಗಳಲ್ಲಿಯೂ ಹೆಸರುಗೊಂಡಿವೆ.

ಕನ್ನಡ ಮಾತನಾಡುವವರು ನೆಲೆಸಿರುವ ಹೊಸೂರು ಪ್ರಾಂತ್ಯದ ಶೂಲಗಿರಿಯಲ್ಲಿ ೨೦೦೮ನೆಯ ಸೆಪ್ಟೆಂಬರ್ ೧೨ರ ಬೆಳಿಗ್ಗೆ ಬಿದ್ದ ಶಿಲೆಗಳ ಒಟ್ಟು ತೂಕವು ಸುಮಾರು ೧೧೦ ಕಿಲೋಗ್ರಾಂ. ಹಗಲಿನಲ್ಲಿ ಬಿದ್ದುದರಿಂದಲೂ ಊರವರು ಕೂಡಲೇ ತಿಳಿಸಿದುದರಿಂದಲೂ ಅವು ವಿದ್ವಾಂಸರ ಕೈಸೇರಿದುವು. ಈ ವಿಷಯದಲ್ಲಿ ಹೊತ್ತಿನ ವಿಚಾರವೂ ಒಂದಿದೆ. ಮುಂಜಾವಿನ ಉಲ್ಕೆಗಳು ಭೂಮಿಗೆ ಎದುರಾಗಿ ಬಂದು ಅತಿವೇಗದಿಂದ ಉರಿದುಹೋಗುವುವು. ಸಂಜೆಯ ಉಲ್ಕೆಗಳಾದರೋ ಭೂಮಿಯನ್ನು ಹಿಂದಿನಿಂದ ಬಂದು ಹಿಡಿಯುವುದರಿಂದ ಅವುಗಳ ವೇಗವು ಕಡಿಮೆ. ಸೆಕೆಂಡಿಗೆ ೧೧ ಕಿಲೋಮೀಟರಿನಿಂದ ೭೨ ಕಿಲೋಮೀಟರಿನವರೆಗೆ ಉಲ್ಕೆಗಳ ವೇಗವಿರುವುದರಲ್ಲಿ ಇವು ಕೆಳಗಿನ ಪಂಕ್ತಿಗೆ ಸೇರಿದುವು. ನಿಧಾನವಾಗಿ ಬಂದುದು ಪೂರ್ತಿ ಸುಡದೆ ಉಳಿಯುವ ಸಂಭವವು ಹೆಚ್ಚು. ಆದಕಾರಣ ಸಂಧ್ಯಾಕಾಲದ ಅಗ್ನಿಗೋಳವು ನೋಡುವುದಕ್ಕೆ ಗಂಭೀರವಾಗಿರುವುದಲ್ಲದೆ, ಕಲ್ಲನ್ನು ನೆಲಕ್ಕೆ ತಲುಪಿಸುವುದರಲ್ಲಿಯೂ ಮುಂದಾಗಿರುವುದು.

ಬಿದ್ದ ಕಲ್ಲು ಉಳಿದುಬರುವುದು ಅದನ್ನು ಕಾಪಾಡಿದವರ ಪುಣ್ಯದಿಂದ. ಈ ವಿಷಯದಲ್ಲಿ ಮಠಮಂದಿರಗಳಿಗೆ ಸಲ್ಲುವ ಕೀರ್ತಿಯು ಸಾಮಾನ್ಯವಲ್ಲ. ಜಪಾನ್ ದೇಶದ ನೋಗಾಟದಲ್ಲಿ ೮೬೧ನೆಯ ಇಸವಿಯಲ್ಲಿ ಬಿದ್ದ ಚಿಕ್ಕ ಕಲ್ಲೊಂದನ್ನು ಅಲ್ಲಿಯ ದೇವಾಲಯದವರು ಮರದ ಪೆಟ್ಟಿಗೆಯಲ್ಲಿಟ್ಟು, ಬಿದ್ದ ದಿನವನ್ನು ಮುಚ್ಚಳದ ಮೇಲೆ ಬರೆದು, ಸಾವಿರಕ್ಕೂ ಹೆಚ್ಚು ವರ್ಷ ತಲೆಮಾರಿನಿಂದ ತಲೆಮಾರಿಗೆ ಕಾಪಾಡಿದರು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ವಿದ್ವಾಂಸರು ಅದನ್ನು ಪರೀಕ್ಷಿಸಿ ಉಲ್ಕಾಶಿಲೆಯೆಂದೇ ನಿರ್ಣಯಿಸಿದರು. ಅದು ಕಂಸಾಗರದ ಕಲ್ಲಿನ ಪಂಗಡಕ್ಕೇ ಸೇರಿದುದಾಗಿದೆ. ಬೀಳುವಾಗ ಜನರು ಕಂಡು, ಇಂದಿಗೂ ಉಳಿದಿರುವ ಕಲ್ಲುಗಳಲ್ಲಿ ಇದೇ ಅತ್ಯಂತ ಹಳೆಯದು. ಹಾಗೆಯೇ ೧೪೯೨ರಲ್ಲಿ ಯೂರೋಪಿನ ಎನ್ಸಿಸ್‌ಹೈಮ್ ಪಟ್ಟಣದಲ್ಲಿ ಬಿದ್ದ ದೊಡ್ಡ ಶಿಲೆಯನ್ನು ಮ್ಯಾಕ್ಸಿಮಿಲಿಯನ್ ದೊರೆಯ ಅಪ್ಪಣೆಯಂತೆ ಅಲ್ಲಿಯ ಚರ್ಚಿನಲ್ಲಿ ಇಡಲಾಯಿತು.

ನಮ್ಮ ದೇಶದಲ್ಲಿಯೂ ಈ ಭಕ್ತಿಯು ಇತ್ತು. ಬಿಹಾರದ ಅಂಧಾರಾ ಗ್ರಾಮದಲ್ಲಿ ೧೮೮೦ನೆಯ ಡಿಸೆಂಬರಿನಲ್ಲಿ ಕಲ್ಲು ಬಿದ್ದಾಗ ಜನರು ಅದಕ್ಕೆ ಗುಡಿಯನ್ನೇ ಕಟ್ಟಿ ಪೂಜಿಸಿದರು. ಆದರೆ ದೊರೆಗಳಲ್ಲಿ ಬಿದ್ದ ಬಗೆಯನ್ನು ಪೂರ್ತಿಯಾಗಿ ಬರೆಯಿಸಿದವನು ಜಹಾಂಗೀರ್ ಬಾದಶಹನು. ೧೬೨೧ರಲ್ಲಿ ಜಾಲಂಧರದ ಹಳ್ಳಿಯೊಂದರಲ್ಲಿ ದೊಡ್ಡ ಸದ್ದಿನೊಡನೆ ಬೆಳಕೊಂದು ಬಿದ್ದು ನೆಲವು ಸುಟ್ಟುದನ್ನೂ, ಅಲ್ಲಿಯ ಅಧಿಕಾರಿಯು ಅಗೆಸಿದಾಗ ಕಬ್ಬಿಣದ ಗಟ್ಟಿಯು ಸಿಕ್ಕಿದುದನ್ನೂ, ಅದರ ತೂಕವನ್ನೂ, ಅದಕ್ಕೆ ಬೇರೆ ಕಬ್ಬಿಣವನ್ನು ಬೆರಸಿ ಕತ್ತಿ ಕಠಾರಿಗಳನ್ನು ಮಾಡಿಸಿದುದನ್ನೂ ಅವನು ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿರುವನು. ನೋಗಾಟದವರು ಕಲ್ಲನ್ನೂ ದಿನವನ್ನೂ ಉಳಿಸಿದರು. ಜಹಾಂಗೀರನು ವೃತ್ತಾಂತವನ್ನು ಉಳಿಸಿದನು. ಪೂಜೆಯಿಂದ ಶಿಲೆಗೆ ಕೇಡಿಲ್ಲ. ದಿನವನ್ನೂ ಸ್ಥಳವನ್ನೂ ಬರೆದಿಡದಿದ್ದರೆ ಮಾತ್ರ ಕಾಲಾಂತರದಲ್ಲಿ ಅದು ಬರಿಯ ಕಲ್ಲಾಗಿ ಹೋಗುವುದು.

ಇಂದಿನ ಬಾನಿನಲ್ಲಿ ಉಲ್ಕೆಗಳಲ್ಲದೆ ಬೇರೆ ಬೆಳಕುಗಳೂ ಸಂಚರಿಸುವುದರಿಂದ ನೋಡುವವನು ವಿವೇಕದಿಂದಿರಬೇಕಾಗಿದೆ. ೨೦೨೨ನೆಯ ಏಪ್ರಿಲ್ ೨ ಯುಗಾದಿಯ ದಿನ. ಕಂಸಾಗರದ ಕಲ್ಲು ಬಿದ್ದ ಶುಭಕೃತು ಸಂವತ್ಸರವು ಎರಡು ಸುತ್ತು ತಿರುಗಿ ಅಂದೇ ಪುನಃ ಆರಂಭವಾಗಿತ್ತು. ಆ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತುಗಳ ಮೇಲೆ ಉರಿಯುವ ತುಣುಕುಗಳ ಸಾಲೊಂದು ಸಾಗಿತು. ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಲೋಹದ ದೊಡ್ಡ ಬಳೆಯು ಬಿದ್ದಿತು. ಅದು ಚೀನಾದೇಶದವರು ಹಿಂದೆ ಹಾರಿಸಿದ್ದ ರಾಕೆಟ್ಟಿನ ಶೇಷವೆಂದು ತಜ್ಞರು ತಿಳಿದರು. ಹೊಸ ವರ್ಷದ ಮೊದಲ ಸಂಜೆಯೇ ಬಾನಿನಿಂದ ಬೆಂಕಿ ಬಿದ್ದಿತೆಂದು ಫಲವಿಚಾರಕ್ಕೆ ತೊಡಗಿದವನು, ಮನುಷ್ಯರೇ ಎಸೆದ ವಸ್ತುವಿನಲ್ಲಿ ದೈವದ ಕೋಪವನ್ನು ಹುಡುಕಿದಂತಾಗುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ೨೦೧೭ರಲ್ಲಿ ವಿಮಾನಪರೀಕ್ಷಾ ಕೇಂದ್ರವು ಆರಂಭವಾಯಿತು. ೨೦೨೩ರ ಆಗಸ್ಟ್ ೨೦ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಪೈಲಟನಿಲ್ಲದ ವಿಮಾನವೊಂದು ಬಿದ್ದಿತು. ಇವುಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಉಲ್ಕೆಯು ಕೆಲವು ಸೆಕೆಂಡುಗಳಲ್ಲಿ ಮುಗಿಯುವುದು. ರಾಕೆಟ್ಟಿನ ಶೇಷವು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ನಿಧಾನವಾಗಿ, ಹಲವು ತುಣುಕುಗಳಾಗಿ, ಬಾನಿನ ಉದ್ದಕ್ಕೂ ಸಾಗುವುದು.

ಅಗ್ನಿಗೋಳವನ್ನು ಕಂಡವನು ಮಾಡತಕ್ಕ ಕೆಲಸಗಳು ಸುಲಭವಾದವುಗಳೇ. ನಿಂತ ಜಾಗವನ್ನು ಮರೆಯದೆ, ಉಲ್ಕೆಯು ತೋರಿದ ಮತ್ತು ಮರೆಯಾದ ತಾಣಗಳನ್ನು ಮರ, ಗೋಪುರ, ಗುಡ್ಡದ ತುದಿ ಇವುಗಳ ಗುರುತಿನಿಂದ ನೆನಪಿಟ್ಟು, ಗಡಿಯಾರ ನೋಡಿ, ಆ ರಾತ್ರಿಯೇ ಬರೆದಿಡಬೇಕು. ಬೆಳಕಿನ ಬಣ್ಣ, ಅದು ಒಡೆಯಿತೇ, ಬಾಲ ಉಳಿಯಿತೇ ಎಂಬುದನ್ನೂ ಸೇರಿಸಬೇಕು. ಬೆಳಕು ಕಂಡ ಮೇಲೆ ಸದ್ದಿಗಾಗಿ ಕಾದಿರಬೇಕು; ಶಬ್ದವು ಒಂದು ಕಿಲೋಮೀಟರನ್ನು ದಾಟಲು ಸುಮಾರು ಮೂರು ಸೆಕೆಂಡು ಬೇಕಾದ್ದರಿಂದ, ಮ��ವತ್ತು ಕಿಲೋಮೀಟರು ಮೇಲಿನ ಸ್ಫೋಟದ ಸದ್ದು ಒಂದೂವರೆ ನಿಮಿಷದ ಮೇಲೆ ಕೇಳುವುದು. ಹೀಗೆ ಕಾಯುವಾಗ ಗಾಜಿನ ಕಿಟಕಿಯ ಬಳಿ ನಿಲ್ಲಬಾರದು. ರಷ್ಯಾದ ಚೆಲ್ಯಾಬಿನ್ಸ್ಕ್ ನಗರದಲ್ಲಿ ೨೦೧೩ನೆಯ ಫೆಬ್ರವರಿ ೧೫ರಂದು ಬೆಳಕನ್ನು ಕಂಡು ಅನೇಕರು ಕಿಟಕಿಗಳತ್ತ ಹೋಗಿದ್ದರು. ಅಲೆಯು ತಡವಾಗಿ ಬಂದು ಗಾಜುಗಳನ್ನು ಒಡೆದುದರಿಂದ ಸುಮಾರು ೧೫೦೦ ಮಂದಿ ಗಾಯಗೊಂಡರು.

ಕಲ್ಲು ದೊರೆತರೆ ಅದನ್ನು ಸುತ್ತಿಗೆಯಿಂದ ಒಡೆಯದೆ, ನೀರಿನಲ್ಲಿ ತೊಳೆಯದೆ, ಒಣಬಟ್ಟೆಯಲ್ಲಿ ಸುತ್ತಿ, ದೊರೆತ ಸ್ಥಳವನ್ನೂ ದಿನವನ್ನೂ ಬರೆದು, ತಾಲ್ಲೂಕಿನ ಅಧಿಕಾರಿಗಳ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸಬೇಕು. ಹೊಸದಾಗಿ ಬಿದ್ದ ಶಿಲೆಗೆ ತೆಳುವಾದ ಕಪ್ಪು ಪೊರೆಯಿರುವುದು, ಒಳಗೆ ಬೂದಿಯ ಬಣ್ಣವಿರುವುದು, ಸೂಜಿಗಲ್ಲು ಅದಕ್ಕೆ ಸಾಮಾನ್ಯವಾಗಿ ಅಂಟುವುದು. ಅದು ಕಾದ ಕೆಂಡದಂತಿರುವುದೆಂಬ ನಂಬಿಕೆಯು ಸರಿಯಲ್ಲ. ಮೇಲ್ಪದರವು ಮಾತ್ರ ಕರಗಿ, ಬೆಳಕು ನಂದಿದ ಮೇಲೆ ತಣ್ಣನೆಯ ಮೇಲಣ ಗಾಳಿಯಲ್ಲಿ ಕೆಲವು ನಿಮಿಷ ಬೀಳುವುದರಿಂದ ಅದು ನೆಲ ಮುಟ್ಟುವಾಗ ಬಹುತೇಕ ತಣ್ಣಗಾಗಿಯೇ ಇರುವುದು.

ಮಠಗಳಲ್ಲಿ ದಾನದತ್ತಿಗಳ ಲೆಕ್ಕವನ್ನೂ, ಜಾತ್ರೆಯ ವೆಚ್ಚವನ್ನೂ, ಶಿಷ್ಯವರ್ಗದ ಕಾಣಿಕೆಯನ್ನೂ ದಿನದಿನವೂ ಬರೆದಿಡುವ ಪದ್ಧತಿಯು ಹಿಂದಿನಿಂದ ಬಂದುದು. ಆ ಕಡತದ ಅಂಚಿನಲ್ಲಿ, ಇಂತಹ ಸಂಜೆ ಇಂತಹ ದಿಕ್ಕಿನಲ್ಲಿ ಇಂತಹ ಬೆಳಕು ಕಂಡಿತೆಂದು ಎರಡು ಸಾಲು ಸೇರಿಸುವುದಕ್ಕೆ ಶ್ರಮವೇನೂ ಇಲ್ಲ. ಹಿರಿಯೂರಿನ ಮಠದಲ್ಲಿ ಒಬ್ಬರು, ಹೊಸದುರ್ಗದ ಶಾಲೆಯಲ್ಲಿ ಒಬ್ಬರು, ಹೊಳಲ್ಕೆರೆಯ ಹೊಲದ ಮನೆಯಲ್ಲಿ ಒಬ್ಬರು ಹೀಗೆ ಬರೆದಿಟ್ಟರೆ, ಗಟಿಂಗೆನ್ನಿನ ವಿದ್ಯಾರ್ಥಿಗಳು ಮಾಡಿದ ಕೆಲಸವು ಈ ನಾಲ್ಕು ತಾಲ್ಲೂಕುಗಳಲ್ಲಿಯೇ ನಡೆದೀತು. ಕಾಯಕವೆಂಬುದು ದೇಹದ ದುಡಿಮೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ಕಂಡ ಸತ್ಯವನ್ನು ಮುಂದಿನವರಿಗೆ ಒಪ್ಪಿಸುವುದೂ ಕಾಯಕವೇ.

ಒಟ್ಟಿನಲ್ಲಿ ಈ ಚರಿತ್ರೆಯಿಂದ ತಿಳಿಯಬರುವುದು ಇಷ್ಟು. ಹಳ್ಳಿಯ ಜನರು ಕಂಡೆವೆಂದು ಹೇಳಿದುದನ್ನು ಪಂಡಿತರು ನಂಬದೆ ಹೋದುದು ಒಂದು ತಪ್ಪು. ಕಂಡುದಕ್ಕೆ ಕ್ಷಾಮ ಮರಣಗಳ ಅರ್ಥವನ್ನು ಹೊಂದಿಸಿ ಭೀತರಾದುದು ಇನ್ನೊಂದು ತಪ್ಪು. ಕಣ್ಣಿನ ಮಾತನ್ನು ಗೌರವಿಸಿ, ಅದಕ್ಕೆ ಅಂಟಿಕೊಂಡ ಭಯವನ್ನು ಬಿಡಿಸಿದಾಗ ಮಾತ್ರ ಜ್ಞಾನವು ಉಂಟಾಯಿತು. ಕಂಸಾಗರದ ಕಲ್ಲು ಶುಭಕೃತು ಸಂವತ್ಸರದಲ್ಲಿ ಬಿದ್ದು ಯಾರಿಗೂ ಕೇಡನ್ನು ತರಲಿಲ್ಲ. ಕನ್ನಡನಾಡಿನ ಒಂದು ಹಳ್ಳಿಯ ಹೆಸರನ್ನು ಲೋಕಕ್ಕೆ ತಿಳಿಸಿತು. ಚಿತ್ರದುರ್ಗ ಸೀಮೆಯ ಬಾನಿನಲ್ಲಿ ಮುಂದೆಯೂ ಉಲ್ಕೆಗಳು ಬೆಳಗುವುವು. ಅವುಗಳನ್ನು ಕಾಣುವ ಭಾಗ್ಯವುಳ್ಳವರು ನಿರ್ಭಯರಾಗಿ ನೋಡಲಿ, ನೋಡಿದುದನ್ನು ನೋಡಿದಂತೆಯೇ ಬರೆದಿಡಲಿ.